ಅಕ್ಕಾರು ತಿಂದ ಬಾರಿಹಣ್ಣು

ಮೊನ್ನೆ ಶನಿವಾರ ಸೊಸೆ ಇಂಡಿಯನ್ ಅಂಗಡಿಯಿಂದ ಬಂದು ಚೀಲಗಳನ್ನು ಅಡುಗೆಕಟ್ಟೆಯ ಮೇಲೆ ಇಟ್ಟಳು. ಮೆಂತ್ಯೆ ಸೊಪ್ಪು ತೆಗೆದಿಡೋಣವೆಂದು ನಾನು ಕೈ ಹಾಕಿದೆ. ಒಳಗಿನಿಂದ ಬಾರಿಹಣ್ಣಿನ ವಾಸನೆ ಎದ್ದು ಬಂತು. ಹಣ್ಣಾದ ಬಾರಿಯದು ಅಂಥ ಸುವಾಸನೆಯೇನಲ್ಲ. ಸ್ವಲ್ಪ ಹುಳಿತ ಹಾಗೆ, ಬೆಲ್ಲದ ಡಬ್ಬಿಯನ್ನು ಬಹಳ ದಿನದ ಮೇಲೆ ತೆರೆದ ಹಾಗೆ. ಹೊರಗೆ ಹಿಮ, ಒಳಗೆ ಕಿಟಕಿ ಬಾಗಿಲು ಎಲ್ಲ ಬಂದ್. ಆ ವಾಸನೆ ಹೋಗುವುದಾದರೂ ಎಲ್ಲಿಗೆ? ಮನೆತುಂಬ ಹಬ್ಬಿತು. ಮೊಮ್ಮಗಳು ಮೂಗು ಹಿಡಿದುಕೊಂಡು, "ಅಜ್ಜೀ, ಸಮ್‌ಥಿಂಗ್ ಈಸ್ ರಾಟನ್!" ಎಂದಳು.

"ಕೊಳತಿಲ್ಲ ಬಿಡವಾ, ಬಾರಿಹಣ್ಣ ಅದು," ಎಂದೆ. ಆಮೇಲೆ ಸೊಪ್ಪನ್ನು ಅಲ್ಲಿಯೇ ಬಿಟ್ಟು ಕುರ್ಚಿ ಎಳೆದುಕೊಂಡು ಕುಳಿತೆ. ಪಕ್ಕದ ಮನೆಯ ಅಕ್ಕಾರು ಹೋಗಿ ಈ ಜನವರಿಗೆ ಒಂದು ವರ್ಷ.

ನಮ್ಮ ಹುಬ್ಬಳ್ಳಿ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕಾರು ಎನ್ನುತ್ತೇವೆ. ಇವರು ಶಾಲೆಯಲ್ಲಿ ಕಲಿಸಿದವರಲ್ಲ. ಮೈಸೂರು ಕಡೆಯವರು. ಎಷ್ಟೋ ವರ್ಷಗಳ ಹಿಂದೆ ಗಂಡನ ಜೊತೆ ಈ ದೇಶಕ್ಕೆ ಬಂದು, ಟೊರಾಂಟೊದ ಒಂದು ಆಸ್ಪತ್ರೆಯಲ್ಲಿ ಯಾವ ರೋಗಿ ಏನು ತಿನ್ನಬೇಕು, ಏನು ತಿನ್ನಬಾರದು ಎಂದು ಗೊತ್ತುಮಾಡುವ ಕೆಲಸದಲ್ಲಿದ್ದು ನಿವೃತ್ತರಾದವರು. ಆದರೆ ಮಾತಾಡುವಾಗ ಕೈಯಲ್ಲಿ ಒಂದು ಪೆನ್ಸಿಲ್ ಇರುತ್ತಿತ್ತು. ನಾನು ಏನಾದರೂ ತಪ್ಪು ಹೇಳಿದರೆ ಕನ್ನಡಕದ ಮೇಲಿನಿಂದ ನೋಡುತ್ತಿದ್ದರು. ನನ್ನ ಬಾಯಿಗೆ ಅಕ್ಕಾರು ಎಂದೇ ಬಂತು. ನಾನು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಬಿಟ್ಟಿದ್ದನ್ನು ಅರವತ್ತು ದಾಟಿದ ಮೇಲೆ ಟೊರಾಂಟೊ ಪಕ್ಕದ ಈ ರಿಚ್ಮಂಡ್ ಹಿಲ್‌ನಲ್ಲಿ ಮುಂದುವರಿಸಿದ ಹಾಗಾಯಿತು.

ನಾನು ಇಲ್ಲಿಗೆ ಬಂದದ್ದು 2015ರ ಕೊನೆಗೆ, ಆಗಿನ್ನೂ ಕೂಸಾಗಿದ್ದ ಈ ಮೊಮ್ಮಗಳನ್ನು ನೋಡಿಕೊಳ್ಳಲು. ಮಗ ಬೋಲ್ಟನ್ನಿನ ವೇರ್‌ಹೌಸಿಗೆ ಹೋಗುತ್ತಿದ್ದ, ಸೊಸೆ ತನ್ನ ಕೆಲಸಕ್ಕೆ. ನಮ್ಮದು ಒಂದೇ ಗೋಡೆಗೆ ಆನಿಸಿ ಕಟ್ಟಿದ ಎರಡು ಮನೆಗಳಲ್ಲಿ ಒಂದು. ಗೋಡೆಯ ಆಚೆ ಒಬ್ಬ ಮುದುಕಿ ಒಬ್ಬಳೇ ಇದ್ದಾಳೆ, ಫೋನಿನಲ್ಲಿ ಕನ್ನಡ ಮಾತಾಡುತ್ತಿದ್ದುದನ್ನು ಕೇಳಿದೆ ಎಂದು ಸೊಸೆ ಹೇಳಿದ್ದಳು. ನಾನು ಹೋಗಿ ಪರಿಚಯ ಮಾಡಿಕೊಂಡಿರಲಿಲ್ಲ. ಓದಿದವರ ಮನೆ, ನಮಗೇಕೆ ಎಂದು ಸುಮ್ಮನಿದ್ದೆ.

ಸಂಕ್ರಾಂತಿ ಬಂತು. ಐದು ವರ್ಷದೊಳಗಿನ ಮಕ್ಕಳನ್ನು ಮಣೆಯ ಮೇಲೆ ಕೂಡಿಸಿ ತಲೆಯ ಮೇಲೆ ಬಾರಿಹಣ್ಣು, ಕಬ್ಬಿನ ಚೂರು, ಚುರುಮುರಿ, ಕುಸುರೆಳ್ಳು ಎರೆಯುವುದು ನಮ್ಮಲ್ಲಿ ತಪ್ಪಿಸಬಾರದ ಶಾಸ್ತ್ರ. ಕೂಸಿಗೆ ಅದು ಮೊದಲನೆಯ ಸಲ. ಕಬ್ಬು ಚೀನೀಯರ ಅಂಗಡಿಯಲ್ಲಿ ಸಿಕ್ಕಿತು. ಬಾರಿಹಣ್ಣು ಎಲ್ಲಿ ಹುಡುಕಿದರೂ ಇಲ್ಲ. ನಾನು ಮುಖ ಊದಿಸಿಕೊಂಡು ಕುಳಿತೆ. ಸೊಸೆ ಫ್ರಿಜ್ಜಿನಿಂದ ಕೆಂಪು ಹಣ್ಣುಗಳ ಒಂದು ಚೀಲ ತೆಗೆದಳು. ಕ್ರ್ಯಾನ್‌ಬೆರಿ. ಅಳತೆ ಒಂದೇ, ದುಂಡಗಿವೆ, ಇದನ್ನೇ ಎರೆಯೋಣ ಎಂದಳು. ಬೇರೆ ದಾರಿ ಇರಲಿಲ್ಲ. ಮುತ್ತೈದೆಯರನ್ನು ಕರೆಯಬೇಕಲ್ಲ, ಈ ಓಣಿಯಲ್ಲಿ ಯಾರನ್ನು ಕರೆಯುವುದು? ಸೊಸೆ ಪಕ್ಕದ ಮನೆಯವರನ್ನು ಕರೆದುಕೊಂಡು ಬಂದಳು. ಅವರು ಬಾಗಿಲಲ್ಲೇ ನಿಂತು, "ನಮ್ಮನೆಯವರು ಇಲ್ಲ ಕಣಮ್ಮ. ನಾನು ಸುಮ್ನೆ ಕೂತು ನೋಡ್ತೀನಿ," ಎಂದರು.

"ಒಳಗ ಬರ್ರಿ, ಥಂಡಿ ಐತಿ," ಎಂದೆ ನಾನು. "ಇಲ್ಲಿ ಶಾಸ್ತ್ರ ಎಣಿಸಾಕ ಯಾರ ಕುಂತಾರ?"

ಅವರು ಒಳಗೆ ಬಂದು ಸೇರಿನಲ್ಲಿದ್ದ ಕೆಂಪು ಹಣ್ಣುಗಳನ್ನು ನೋಡಿ ನಕ್ಕರು. "ಎಲಚಿ ಹಣ್ಣಿನ ಜಾಗಕ್ಕೆ ಇದಾ!" ಮೈಸೂರು ಕಡೆ ಬಾರಿಗೆ ಎಲಚಿ ಎನ್ನುತ್ತಾರೆ. ಆಮೇಲೆ ಒಂದು ಹಣ್ಣನ್ನು ಮೇಜಿನ ಮೇಲೆ ಬೀಳಿಸಿದರು. ಅದು ಚೆಂಡಿನ ಹಾಗೆ ಪುಟಿಯಿತು. ಇನ್ನೊಂದನ್ನು ಚಾಕುವಿನಿಂದ ಅಡ್ಡ ಕೊಯ್ದು ನನ್ನ ಮುಂದೆ ಹಿಡಿದರು. ಒಳಗೆ ನಾಲ್ಕು ಕೋಣೆ, ಖಾಲಿ. ನಡುವೆ ಸಾಸಿವೆಗಿಂತ ಸ್ವಲ್ಪ ದೊಡ್ಡ ಬೀಜಗಳು. "ಗಾಳಿ ತುಂಬಿದೆ. ಅದಕ್ಕೇ ನೀರಲ್ಲಿ ತೇಲತ್ತೆ. ಗದ್ದೆಗೆ ನೀರು ಬಿಟ್ಟು ತೇಲಿಸಿ ಬಳೀತಾರೆ. ಮಗು ತಲೆ ಮೇಲೆ ಬಿದ್ರೆ ಪೆಟ್ಟಾಗಲ್ಲ, ಯೋಚನೆ ಮಾಡಬೇಡಿ." ಎರೆಯುವಾಗ ಮಾತ್ರ ಮಣೆಯ ಪಕ್ಕದಲ್ಲೇ ಕುಳಿತು, ಕೂಸು ಬಾಯಿಗೆ ಹಾಕಿಕೊಂಡು ಗಂಟಲಿಗೆ ಸಿಕ್ಕಿಸಿಕೊಂಡೀತೆಂದು ಮಡಿಲಲ್ಲಿ ಬಿದ್ದ ಒಂದೊಂದೇ ಹಣ್ಣನ್ನು ಆರಿಸಿ ತೆಗೆದರು. ನಾನು ಆಗಲೇ ನೋಡಿಕೊಂಡೆ. ಈ ಹೆಂಗಸಿಗೆ ಕೊಡುವುದಕ್ಕಿಂತ ತೆಗೆಯುವುದರಲ್ಲಿ ಕೈ ಚುರುಕು.

ಅಲ್ಲಿಂದ ಮಧ್ಯಾಹ್ನದ ಚಹಾ ಅವರ ಮನೆಯಲ್ಲಿ. ಕೂಸು ಮಲಗಿದ ಹೊತ್ತಿಗೆ ಅದನ್ನೂ ಎತ್ತಿಕೊಂಡು ಹೋಗಿ ಅವರ ಸೋಫಾದ ಮೇಲೆ ಮಲಗಿಸುತ್ತಿದ್ದೆ. ಮಾತು ಎಲ್ಲಿಂದ ಶುರುವಾದರೂ ಹಣ್ಣಿಗೇ ಬಂದು ನಿಲ್ಲುತ್ತಿತ್ತು. ನನ್ನದು ಒಂದೇ ವಾದ. ಬಾರಿಯ ಮುಂದೆ ಈ ಕ್ರ್ಯಾನ್‌ಬೆರಿ ಏನೂ ಅಲ್ಲ. ಬಾಯಿಗೆ ಹಾಕಿಕೊಂಡರೆ ಹುಳಿ, ಹುಳಿಯ ಹಿಂದೆ ಒಗರು. ಒಂದು ವಾಸನೆಯೂ ಇಲ್ಲ. ಸಕ್ಕರೆ ಸುರಿಯದೆ ಒಂದನ್ನು ನುಂಗಲಾಗದು. ಅದೂ ಒಂದು ಹಣ್ಣೇ?

ಅಕ್ಕಾರು ಬಾಯಲ್ಲಿ ವಾದ ಮಾಡುವವರಲ್ಲ. ಹಳೆಯ ಕ್ಯಾಲೆಂಡರಿನ ಹಾಳೆ ತಿರುವಿ, ನಡುವೆ ಗೀಟು ಎಳೆದು, ಈ ಕಡೆ ಬಾರಿ, ಆ ಕಡೆ ಕ್ರ್ಯಾನ್‌ಬೆರಿ ಎಂದು ಕನ್ನಡದಲ್ಲಿ ಬರೆದರು. ನನಗೆ ಓದಲು ಬರಲಿ ಎಂದು ಅಕ್ಷರ ದಪ್ಪ. ಬಾರಿ ಮುಳ್ಳುಗಿಡದ್ದು, ಒಣಭೂಮಿಯದ್ದು, ನೀರು ಕೊಡದಿದ್ದರೂ ಬಿಡುತ್ತದೆ. ಇದು ನೆಲದ ಮೇಲೆ ಹಬ್ಬುವ ಬಳ್ಳಿಯದ್ದು, ಜೌಗು ನೆಲ ಬೇಕು, ಚಳಿ ಬೇಕು. ಬಾರಿಗೆ ಒಂದೇ ಗಟ್ಟಿ ಬೀಜ. ಇದಕ್ಕೆ ಬೀಜವಿದ್ದರೂ ಹಲ್ಲಿಗೆ ಗೊತ್ತಾಗುವುದಿಲ್ಲ. ಬಾರಿ ನಾಲ್ಕು ದಿನಕ್ಕೆ ಸುಕ್ಕಾಗಿ ಮೆತ್ತಗಾಗುತ್ತದೆ. ಇದು ಫ್ರಿಜ್ಜಿನಲ್ಲಿ ವಾರಗಟ್ಟಲೆ ಹಾಗೇ ಇರುತ್ತದೆ. ಸಿ ವಿಟಮಿನ್ನು ಬಾರಿಯಲ್ಲಿ ಬಹಳ ಹೆಚ್ಚು. ಅಲ್ಲಿ ನಾನು "ನೋಡ್ರಿ ಮತ್ತ!" ಎಂದು ಕೈ ಬಡಿದೆ. ಸಕ್ಕರೆ ಅಂಶವೂ ಬಾರಿಯಲ್ಲಿ ಹೆಚ್ಚು, ಪೊಟ್ಯಾಸಿಯಂ ಎನ್ನುವುದೂ ಹೆಚ್ಚು. ಕ್ರ್ಯಾನ್‌ಬೆರಿಯಲ್ಲಿ ಎರಡೂ ಕಡಿಮೆ. ಮೂತ್ರದ ಸೋಂಕು ಪದೇ ಪದೇ ಬರುವ ಕೆಲವರಿಗೆ ಅದನ್ನು ತಡೆಯಲು ಕ್ರ್ಯಾನ್‌ಬೆರಿ ಆಗುತ್ತದೆ, ಬಂದ ಮೇಲೆ ವಾಸಿಮಾಡುವುದಿಲ್ಲ. ಅಂಗಡಿಯಲ್ಲಿ ಸಿಗುವ ಒಣಗಿದ ಕ್ರ್ಯಾನ್‌ಬೆರಿಯನ್ನು ಮಾತ್ರ ನಂಬಬಾರದು, ಅದು ಸಕ್ಕರೆಯಲ್ಲಿ ಮುಳುಗಿ ಎದ್ದದ್ದು.

"ಹಂಗಾರ ಯಾವದ ಛಲೋ, ಒಂದ ಮಾತ್ನ್ಯಾಗ ಹೇಳ್ರಿ," ಎಂದೆ.

"ಹಣ್ಣು ಒಳ್ಳೇದು, ಕೆಟ್ಟದ್ದು ಅಂತ ಇಲ್ಲ ಹುಬ್ಬಳ್ಳಿಯೋರೇ. ಯಾರ ಹೊಟ್ಟೆಗೆ ಅಂತ ಕೇಳ್ಬೇಕು."

"ನನ್ನ ಹೊಟ್ಟಿಗೆ!"

"ನಿಮ್ಮ ಹೊಟ್ಟೆಗೆ ಕಲ್ಲು ಹಾಕಿದ್ರೂ ಕರಗತ್ತೆ, ಬಿಡಿ."

ಆಸ್ಪತ್ರೆಯ ಮಾತುಗಳನ್ನು ಅವರು ಹೆಚ್ಚು ಹೇಳುತ್ತಿರಲಿಲ್ಲ. ಒಂದು ಸಲ ಮಾತ್ರ... ಯಾವುದೋ ಕಿಡ್ನಿ ರೋಗಿಯ ತಟ್ಟೆಯಿಂದ ಇವರು ಕಿತ್ತಳೆ ಹಣ್ಣು ತೆಗೆಸಿದ್ದರಂತೆ. ಅವನು ದೊಡ್ಡ ಗಂಡಸು, ಒಂದು ಕಿತ್ತಳೆಗಾಗಿ ಮಕ್ಕಳ ಹಾಗೆ ಅತ್ತನಂತೆ. "ಮೂವತ್ತು ವರ್ಷದಲ್ಲಿ ನಾನು ಕೊಟ್ಟಿದ್ದಕ್ಕಿಂತ ಕಿತ್ಕೊಂಡಿದ್ದೇ ಜಾಸ್ತಿ," ಎಂದರು. ನಾನು ಸಮಾಧಾನ ಹೇಳಲಿಲ್ಲ. ಕೆಲಸವೆಂದ ಮೇಲೆ ಮಾಡಬೇಕು ಎಂದೆ. ಅದೂ ನಿಜ ಎಂದರು.

ಅವರಿಗೆ ಸಕ್ಕರೆ ಕಾಯಿಲೆ ಹಳೆಯದು. ನಾನು ಬಂದು ಎರಡು ವರ್ಷವಾಗುವಷ್ಟರಲ್ಲಿ ಕಾಲು ಬಾತುಕೊಳ್ಳತೊಡಗಿತು. ಚಳಿಗಾಲದ ಹೊತ್ತಿಗೆ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆ ಮೂರು ದಿನ ಬೆಳಿಗ್ಗೆ ಒಂದು ಬಿಳಿ ವ್ಯಾನು ಬಂದು ಅವರನ್ನು ಡಯಾಲಿಸಿಸ್ಸಿಗೆ ಕರೆದುಕೊಂಡು ಹೋಗುತ್ತಿತ್ತು. ಮಧ್ಯಾಹ್ನ ತಂದು ಬಿಡುವಾಗ ಮುಖ ಒರೆಸಿದ ಹಲಗೆಯ ಹಾಗೆ ಇರುತ್ತಿತ್ತು. ಮಗಳು ಒಬ್ಬಳೇ, ಓಕ್‌ವಿಲ್‌ನಲ್ಲಿ ಇದ್ದಳು, ಶನಿವಾರ ಭಾನುವಾರ ಬರುತ್ತಿದ್ದಳು. ಇಲ್ಲಿಯೇ ಹುಟ್ಟಿದವಳು. ನಾವು ಹೇಳಿದ ಕನ್ನಡವೆಲ್ಲ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ಈಗ ಗೀಟು ಎಳೆದ ಆ ಹಾಳೆ ಅವರಿಗೇ ಲಾಗೂ ಆಯಿತು. ಕಿಡ್ನಿ ಕೆಟ್ಟವರಿಗೆ ಪೊಟ್ಯಾಸಿಯಂ ಹೊರಗೆ ಹೋಗದೆ ರಕ್ತದಲ್ಲೇ ಉಳಿಯುತ್ತದೆ, ಹೆಚ್ಚಾದರೆ ಎದೆಬಡಿತ ನಿಲ್ಲಿಸುತ್ತದೆ ಎಂದು ಅವರೇ ನನಗೆ ಹೇಳಿದರು, ಬೇರೆ ಯಾರದೋ ಮಾತು ಹೇಳುವ ಹಾಗೆ. ಬಾಳೆಹಣ್ಣು ಬಂದ್, ಕಿತ್ತಳೆ ಬಂದ್, ಎಳನೀರು ಬಂದ್, ಹುಣಸೆಹಣ್ಣೂ ಬಂದ್. ಕುಡಿಯುವ ನೀರು ಸಹ ಅಳತೆಯ ಲೋಟದಲ್ಲಿ. ಹಣ್ಣುಗಳಲ್ಲಿ ಧೈರ್ಯವಾಗಿ ತಿನ್ನಬಹುದಾದ ಕೆಲವೇ ಕೆಲವುಗಳಲ್ಲಿ ಒಂದು ನಾನು ಬೈದ ಕ್ರ್ಯಾನ್‌ಬೆರಿ.

ನಾನು ಸುಮ್ಮನೆ ಕೂಡಲಿಲ್ಲ. ಹುಣಸೆಯ ಬದಲು ಕ್ರ್ಯಾನ್‌ಬೆರಿ ಜಜ್ಜಿ ಹಾಕಿ ತೆಳ್ಳಗೆ ಸಾರು ಮಾಡಿದೆ. ಬಣ್ಣ ನೋಡಿದರೆ ಆರತಿಯ ನೀರಿಗೆ ಕುಂಕುಮ ಕಲಸಿದ ಹಾಗೆ, ರುಚಿಗೆ ಅಡ್ಡಿಯಿರಲಿಲ್ಲ. ಹಸಿಮೆಣಸಿನಕಾಯಿ, ಚೂರು ಸಕ್ಕರೆ ಹಾಕಿ ಕುದಿಸಿ ಒಗ್ಗರಣೆ ಕೊಟ್ಟು ಚಟ್ನಿ ಮಾಡಿದೆ, ಉಪ್ಪಿಲ್ಲದೆ. ಉಪ್ಪಿಲ್ಲದ್ದನ್ನು ನಾನು ನನ್ನ ಕೈಯಾರೆ ಯಾರಿಗೂ ಬಡಿಸಿದವಳಲ್ಲ. ಅವರು ಒಂದು ಚಮಚ ಬಾಯಿಗೆ ಹಾಕಿಕೊಂಡು, "ನಮ್ಮ ಆಸ್ಪತ್ರೆ ಅಡುಗೆಮನೇಲಿ ನೀವಿರಬೇಕಿತ್ತು," ಎಂದರು. ಅದಕ್ಕಿಂತ ದೊಡ್ಡ ಹೊಗಳಿಕೆ ಅವರ ಬಾಯಿಂದ ನಾನು ಕೇಳಲಿಲ್ಲ.

ಆ ಚಳಿಗಾಲದಲ್ಲೇ ಮೊದಲ ಸಲ ಅಂಗಡಿಯಲ್ಲಿ ಬಾರಿಹಣ್ಣು ಕಂಡಿತು. ಕೊಂಡು ನೇರ ಅವರ ಮನೆಗೆ ಹೋದೆ, ತೋರಿಸೋಣವೆಂದು. ತೋರಿಸಿದ್ದು ತಪ್ಪು. ಅವರು ಒಂದನ್ನು ಕೈಗೆ ತೆಗೆದುಕೊಂಡರು. ಕಂದು ಬಣ್ಣಕ್ಕೆ ತಿರುಗಿದ್ದು, ಸುಕ್ಕು ಬಿದ್ದದ್ದು. ಮೂಗಿಗೆ ಹಿಡಿದು ಕಣ್ಣು ಮುಚ್ಚಿದರು. ನಾನು, "ಒಂದ ತಿಂದ್ರ ಏನಾಗತೈತ್ರಿ, ನಾಳಿ ಹೆಂಗೂ ಮಿಷನ್ನಿಗೆ ಹೊಂಟೀರಿ," ಎಂದೆ. ಅವರು ಹಣ್ಣನ್ನು ಡಬ್ಬಿಯಲ್ಲಿ ಇಟ್ಟು ಮುಚ್ಚಳ ಹಾಕಿದರು. "ಕಿತ್ತಳೆಹಣ್ಣಿನೋನೂ ಇದೇ ಮಾತು ಅಂದಿದ್ದ," ಎಂದರು. ಅಷ್ಟೆ. ಡಬ್ಬಿಯನ್ನು ನನ್ನ ಕೈಗೇ ಕೊಟ್ಟು ಕಳುಹಿಸಿದರು. ಆಮೇಲೆ ನಾನು ಅವರ ಮುಂದೆ ಬಾರಿಯ ಸುದ್ದಿ ಎತ್ತಲಿಲ್ಲ.

ಮುಂದಿನ ವರ್ಷ, ಅಂದರೆ ಹೋದ ಜನವರಿ, ಸಂಕ್ರಾಂತಿಗೆ ಇನ್ನೂ ನಾಲ್ಕೈದು ದಿನವಿತ್ತು. ಬೆಳಿಗ್ಗೆ ಅವರೇ ಫೋನ್ ಮಾಡಿದರು.

"ಹುಬ್ಬಳ್ಳಿಯೋರೇ, ಎಲಚಿ ಹಣ್ಣು ಬಂದಿದೆಯಾ ಅಂಗಡೀಲಿ? ಸಿಕ್ಕಿದ್ರೆ ನಂಗೂ ತರಿಸಿ."

"ನಿಮಗ್ಯಾಕ್ರಿ?"

"ತಿನ್ನೋಕೆ. ತಿನ್ನಬಹುದು ಅಂದಿದಾರೆ."

"ಪಥ್ಯ ಬಿಡಿಸಿದ್ರೇನು?"

"ಹೂಂ. ಎಲ್ಲಾ ಬಿಡಿಸಿದಾರೆ."

ನನಗೆ ಆದ ಸಂತೋಷ ಏನು ಹೇಳಲಿ. ಹುಟ್ಟಿದಾಗಿನಿಂದ ನಾನು ಕಂಡದ್ದು ಒಂದೇ. ಜ್ವರ ಬಿಟ್ಟ ಮೇಲೆ ಪಥ್ಯ ಬಿಡಿಸುತ್ತಾರೆ. ಬಾಣಂತನ ಮುಗಿದ ಮೇಲೆ ಪಥ್ಯ ಬಿಡಿಸುತ್ತಾರೆ. ಕಾಮಾಲೆ ಇಳಿದ ಮೇಲೆ ಪಥ್ಯ ಬಿಡಿಸುತ್ತಾರೆ. ಪಥ್ಯ ಬಿಡಿಸಿದರು ಎಂದರೆ ಆರಾಮಾಯಿತು ಎಂದು ಅರ್ಥ. ಇನ್ನೊಂದು ಅರ್ಥ ಇರಬಹುದೆಂದು ನನಗೆ ಹೇಳಿಕೊಟ್ಟವರಿರಲಿಲ್ಲ. ಮಗನಿಗೆ ಫೋನ್ ಮಾಡಿ, ಶಿಫ್ಟ್ ಮುಗಿಸಿ ಬರುವಾಗ ಬ್ರ್ಯಾಂಪ್ಟನ್ ಸುತ್ತಿಕೊಂಡಾದರೂ ಬಾರಿಹಣ್ಣು ತಾ ಎಂದೆ. ಮೂರನೆಯ ಅಂಗಡಿಯಲ್ಲಿ ಸಿಕ್ಕಿತಂತೆ. "ಇಷ್ಟ್ಯಾಕ ಗಡಿಬಿಡಿ ಯವ್ವಾ?" ಎಂದ. ಅಕ್ಕಾರಿಗೆ ನೆಟ್ಟಗಾಗಿದೆ ಎಂದೆ. ಅವನೂ ಖುಷಿಪಟ್ಟ.

ಮಾರನೆಯ ದಿನ ವ್ಯಾನು ಬರುವ ದಿನ. ಬರಲಿಲ್ಲ. ನಾನು ಡಬ್ಬಿ, ಉಪ್ಪು, ಖಾರದಪುಡಿ ಎಲ್ಲ ಹಿಡಿದುಕೊಂಡು ಹೋದೆ.

"ಇವತ್ತ ಗಾಡಿ ಬಂದಿಲ್ಲಲ್ರೀ?"

"ಇನ್ನು ಬರಲ್ಲ."

"ಛಲೋ ಆತ ಬಿಡ್ರಿ!" ಎಂದು ನಾನು ಕೈ ಬಡಿದೆ. ಜೋರಾಗಿ ಬಡಿದೆ. ಸೋಫಾದ ಮೇಲೆ ಮಲಗಿದ್ದ ಕೂಸು ಬೆಚ್ಚಿ ಎದ್ದಿತು.

ಅವರು ಏನೋ ಹೇಳಲು ಬಾಯಿ ತೆರೆದರು... ಆಮೇಲೆ ಡಬ್ಬಿಗೆ ಕೈ ಚಾಚಿದರು. ಮೊದಲನೆಯದನ್ನು ಹಾಗೇ ತಿಂದರು. ಎರಡನೆಯದಕ್ಕೆ ಉಪ್ಪು ಖಾರ ಹಚ್ಚಿಸಿಕೊಂಡರು. ಬೀಜವನ್ನು ಬಾಯಲ್ಲಿ ಆ ಕಡೆ ಈ ಕಡೆ ಹೊರಳಿಸಿ, ಒಂದು ಎಳೆ ತಿರುಳೂ ಉಳಿಯದ ಹಾಗೆ ಚೀಪಿ, ತಟ್ಟೆಯ ಅಂಚಿಗೆ ಇಟ್ಟರು. ಏಳು ಹಣ್ಣು ತಿಂದರು. ಅಷ್ಟು ನಿಧಾನವಾಗಿ ಹಣ್ಣು ತಿಂದವರನ್ನು ನಾನು ನೋಡಿಲ್ಲ. "ಇನ್ನ ಆ ಕೆಂಪ ಹಣ್ಣಿಗೆ ಸೂಟಿ," ಎಂದೆ ನಾನು. ಅವರು ನಕ್ಕರು. ಮರುದಿನ ಎಣ್ಣೆಗಾಯಿ ಕೊಟ್ಟೆ, ಅದರ ಮರುದಿನ ಮಾವಿನಕಾಯಿ ಉಪ್ಪಿನಕಾಯಿ. ಎಲ್ಲವನ್ನೂ ಸ್ವಲ್ಪ ಸ್ವಲ್ಪ ತಿಂದರು. ನಾನು ಗುಡಿಗೆ ಹೋಗಿ ಅವರ ಹೆಸರಿನಲ್ಲಿ ಕಾಯಿ ಒಡೆಸಿದೆ. ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ.

ಸಂಕ್ರಾಂತಿಯ ದಿನ ಅವರ ಕೈಯಿಂದಲೇ ಕೂಸಿಗೆ ಎರೆಸಬೇಕೆಂದು ಕರೆಯಲು ಹೋದೆ. ಬಾಗಿಲು ತೆರೆದವಳು ಮಗಳು. ವಾರದ ನಡುವೆ ಬಂದವಳಲ್ಲ ಎಂದೂ. ಅಮ್ಮ ಮಲಗಿದ್ದಾರೆ, ನಿನ್ನೆಯಿಂದ ಬಹಳ ಹೊತ್ತು ಮಲಗಿಯೇ ಇದ್ದಾರೆ ಎಂದು ಇಂಗ್ಲಿಷಿನಲ್ಲಿ ಏನೋ ಹೇಳಿದಳು. ನಾನು ಅವಳಿಗೇ ಬುದ್ಧಿ ಹೇಳಿದೆ. ಆರಾಮಾದ ಮೇಲೆ ಹೀಗೆ ಮಲಗಿಸಬಾರದು, ಎಬ್ಬಿಸಿ ಸ್ವಲ್ಪ ತಿರುಗಾಡಿಸು ಎಂದೆ.

ಅವಳು ನನ್ನನ್ನು ನೋಡಿದಳು. "ಆಂಟಿ, ಅಮ್ಮ ಡಿಡ್ನಾಟ್ ಟೆಲ್ ಯೂ? ಶೀ ಸ್ಟಾಪ್ಡ್ ಡಯಾಲಿಸಿಸ್."

"ಹೂಂ ಗೊತ್ತೈತವಾ. ಆರಾಮಾತಲ್ಲ, ಅದಕ್ಕ ನಿಲ್ಲಿಸ್ಯಾರ."

ಮೂರು ವರ್ಷದಲ್ಲಿ ನನ್ನ ಜೊತೆ ಒಂದು ವಾಕ್ಯ ಕನ್ನಡ ಆಡದವಳು ಆಗ ಆಡಿದಳು. ಒಂದೊಂದೇ ಶಬ್ದ ಹುಡುಕಿಕೊಂಡು. "ಇಲ್ಲ ಆಂಟಿ. ಆರಾಮ ಆಗಿಲ್ಲ. ಅಮ್ಮ... ಸಾಕು ಅಂದ್ರು. ಮಷೀನ್ ಸಾಕು ಅಂದ್ರು. ಇನ್ನು ಸ್ವಲ್ಪ ದಿನ. ಅದಕ್ಕೇ ಡಾಕ್ಟರು... ಏನು ಬೇಕಾದ್ರೂ ತಿನ್ನಿ ಅಂದ್ರು."

ಕೈಯಲ್ಲಿ ಅರಿಶಿನ ಕುಂಕುಮದ ತಟ್ಟೆ ಇತ್ತು. ಅದನ್ನು ಅವಳ ಕೈಗೆ ಕೊಟ್ಟು ಒಳಗೆ ಹೋದೆ. ಅಕ್ಕಾರು ಎಚ್ಚರವಿದ್ದರು. ನಾನು ಅಳಲಿಲ್ಲ, ಸಿಟ್ಟು ಬಂದಿತ್ತು.

"ನನಗ್ಯಾಕ ಹೇಳಲಿಲ್ರೀ ಅಕ್ಕಾರ?"

"ಹೇಳಿದ್ರೆ ಹಣ್ಣು ತರ್ತಿದ್ರಾ?"

"ತರ್ತಿದ್ದಿಲ್ಲ."

"ಮತ್ತೆ?" ಎಂದರು. ಉಸಿರು ಸುಧಾರಿಸಿಕೊಂಡು ಇನ್ನೊಂದು ಮಾತು ಹೇಳಿದರು. "ಬರೋರೆಲ್ಲ ಮುಖ ಸಣ್ಣ ಮಾಡ್ಕೊಂಡು ಬರ್ತಿದ್ರು. ನೀವೊಬ್ರೇ ಚಪ್ಪಾಳೆ ಹೊಡೆದಿದ್ದು. ಇರಲಿ ಅಂತ ಬಿಟ್ಟೆ."

ಪಕ್ಕದ ಕುರ್ಚಿಯಲ್ಲಿ ಕುಳಿತೆ. ಅವರ ಕಾಲಿನ ಮೇಲಿನ ಹೊದಿಕೆ ಸರಿದಿತ್ತು, ಎಳೆದು ಹೊದಿಸಿದೆ. ಬಾವು ಮೊಣಕಾಲಿನವರೆಗೆ ಏರಿತ್ತು. ಅದು ನನಗೆ ಅಷ್ಟು ದಿನ ಕಂಡಿರಲಿಲ್ಲ. ಕಂಡಿರಲಿಲ್ಲ ಎನ್ನುವುದು ಸುಳ್ಳು. ಕಂಡಿತ್ತು. ಪಥ್ಯ ಬಿಡಿಸಿದ್ದಾರೆ ಎಂಬ ಒಂದು ಮಾತನ್ನು ಹಿಡಿದುಕೊಂಡು ಕಣ್ಣಿಗೆ ಕಂಡದ್ದನ್ನು ಬಿಟ್ಟಿದ್ದೆ.

ಆರು ದಿನದ ಮೇಲೆ ಹೋದರು. ನಿದ್ದೆಯಲ್ಲೇ ಹೋದರು ಎಂದು ಮಗಳು ಹೇಳಿದಳು. ಆಮೇಲೆ ಮನೆ ಮಾರಿದರು. ಈಗ ಗೋಡೆಯ ಆಚೆ ಯಾರೋ ಇದ್ದಾರೆ. ಕಾರಿನಲ್ಲಿ ಬರುತ್ತಾರೆ, ಗ್ಯಾರೇಜಿನ ಬಾಗಿಲು ಏಳುತ್ತದೆ, ಇಳಿಯುತ್ತದೆ. ಮುಖ ನೋಡಿಲ್ಲ.

ಒಂದು ವರ್ಷದಿಂದ ನಾನು ಇದನ್ನು ಮನಸ್ಸಿನಲ್ಲಿ ತಿರುವಿ ತಿರುವಿ ನೋಡಿದ್ದೇನೆ. ಗೊತ್ತಿದ್ದರೆ ಹಣ್ಣು ಕೊಡುತ್ತಿದ್ದೆನೇ? ಆಗ ಇಲ್ಲ ಎಂದೆ. ಈಗ ಕೇಳಿದರೂ ಇಲ್ಲವೆಂದೇ ಹೇಳುತ್ತೇನೆ. ಇನ್ನು ನಾಲ್ಕು ದಿನ ಬದುಕಿ ಎಂದು ಕಾಡುತ್ತಿದ್ದೆ, ವ್ಯಾನನ್ನು ಮತ್ತೆ ಕರೆಸಿ ಎಂದು ಮಗಳ ಬೆನ್ನು ಹತ್ತುತ್ತಿದ್ದೆ, ಡಬ್ಬಿಗೆ ಮುಚ್ಚಳ ಹಾಕಿ ಮನೆಗೆ ತರುತ್ತಿದ್ದೆ. ಅವರಿಗೆ ಅದು ಗೊತ್ತಿತ್ತು. ತಾವು ಎಷ್ಟು ಜನರಿಗೆ ಹಾಗೆ ಮಾಡಿದ್ದರೋ, ಅದರಿಂದಲೇ ಗೊತ್ತಿತ್ತು. ನನ್ನಿಂದ ಮುಚ್ಚಿಟ್ಟು ಅವರು ಸರಿಯಾದುದನ್ನೇ ಮಾಡಿದರು.

ಆದರೂ ನನ್ನ ಸಿಟ್ಟು ಹೋಗಿಲ್ಲ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎಂದು ಸೊಸೆ ಹೇಳುತ್ತಾಳೆ. ಇಟ್ಟುಕೊಳ್ಳದೆ ಇನ್ನೇನು ಮಾಡಲಿ, ಅವರದು ಎಂದು ನನ್ನ ಹತ್ತಿರ ಉಳಿದಿರುವುದು ಅದೊಂದೇ. ಕಳೆದ ತಿಂಗಳು ಗುಡಿಯಲ್ಲಿ ಬೆಳಗಾವಿ ಕಡೆಯ ಹೆಂಗಸೊಬ್ಬಳು ಓಡಿಬಂದು ಕೈ ಹಿಡಿದುಕೊಂಡಳು. ವಯಸ್ಸಾದ ಗಂಡನಿಗೆ ಬಹಳ ದಿನದಿಂದ ಕಾಯಿಲೆ. "ಅಜ್ಜಾರಿಗೆ ಇನ್ನ ಏನ ಬೇಕಾದ್ರೂ ತಿನಸ್ರಿ ಅಂತ ಡಾಕ್ಟರ ಹೇಳ್ಯಾರ್ರೀ!" ಎಂದಳು. ಮುಖವೆಲ್ಲ ಬೆಳಕಾಗಿತ್ತು. ಯಾಕೆ ಹಾಗೆ ಹೇಳಿದರು, ಕೇಳಿದಿರೇನು ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಅವತ್ತಿನವರೆಗೆ ನಾನು ಯಾವ ಮಾತನ್ನೂ ನುಂಗಿದವಳಲ್ಲ.

"ಅಜ್ಜಾರಿಗೆ ಏನ ಸೇರತೈತಿ?" ಎಂದು ಕೇಳಿದೆ.